ಕಪಿಲಾತೀರದಲ್ಲಿ ಕಾಯವೂ ವ್ಯಾಧಿಯೂ

ತಿರುಮಕೂಡಲಿನಲ್ಲಿ ಕಪಿಲೆಯು ಕಾವೇರಿಯನ್ನು ಕೂಡುವಳು. ಆ ಸಂಗಮದ ಸುತ್ತಣ ನಂಜನಗೂಡು, ನರಸೀಪುರ ಸೀಮೆಗಳಲ್ಲಿಯೂ ಹೆಮ್ಮಿಗೆ ಮುಂತಾದ ಗ್ರಾಮಗಳಲ್ಲಿಯೂ ರೋಗವೆಂಬುದು ಎಂದಿಗೂ ರೋಗಿಯೊಬ್ಬನ ಸೊತ್ತಾಗಿರಲಿಲ್ಲ. ಮೈಯಲ್ಲಿ ಜ್ವರವೇರಿದೊಡನೆ ಮನೆಯವರು, ಕೇರಿಯವರು, ದೇವರು, ಕಡೆಗೆ ದೊರೆತನವೂ ಆ ಮೈಯ ಮೇಲೆ ತಮ್ಮ ತಮ್ಮ ಹಕ್ಕನ್ನು ಹೂಡುತ್ತಿದ್ದುವು. ಈ ಹಕ್ಕುಗಳ ಚರಿತ್ರೆಯು ಔಷಧಿಗಳ ಚರಿತ್ರೆಗಿಂತಲೂ ವಿಚಾರಣೀಯವಾದುದು.

ಹನ್ನೆರಡನೆಯ ಶತಮಾನದ ಶಿವಶರಣರು ಕಾಯವನ್ನು ಹೇಯವೆಂದು ಎಣಿಸಲಿಲ್ಲ. ಲಿಂಗವನ್ನು ಅಂಗದ ಮೇಲೆಯೇ ಧರಿಸಿದರು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ಅವರು ತಳ್ಳಿಹಾಕಿದುದು ವಿದಿತವೇ ಇದೆ. ಬಾಣಂತಿಯನ್ನೂ ಮೃತನನ್ನೂ ಮುಟ್ಟಲು ಹೇಸದವನಿಗೆ ರೋಗಿಯನ್ನು ಮುಟ್ಟುವುದು ಕಷ್ಟವಾಗಬೇಕಾದ ಕಾರಣವಿಲ್ಲ. ಶರಣರ ಸಮೂಹದಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನು ಇದ್ದನು. ಮುಂದೆ ವೀರಶೈವನಾದ ಬಸವರಾಜನು ರಚಿಸಿದ ‘ಬಸವರಾಜೀಯ’ವು ತೆಲುಗು ಕನ್ನಡ ನಾಡುಗಳ ಪಂಡಿತರಿಗೆ ಚಿಕಿತ್ಸೆಯ ಕೈಪಿಡಿಯಾಯಿತು. ಆದರೆ ತತ್ತ್ವವು ಗ್ರಂಥದಲ್ಲಿದ್ದಷ್ಟು ಸುಲಭವಾಗಿ ಆಚಾರದಲ್ಲಿ ನಿಲ್ಲಲಿಲ್ಲವೆಂಬುದನ್ನು ಮರೆಮಾಚಿ ಫಲವಿಲ್ಲ.

ನಂಜನಗೂಡಿನ ಶ್ರೀಕಂಠೇಶ್ವರನು ವಿಷವನ್ನುಂಡ ನಂಜುಂಡನು; ಆದಕಾರಣ ಜನರಿಗೆ ಅವನೇ ಪರಮವೈದ್ಯನು. ಟಿಪ್ಪು ಸುಲ್ತಾನನ ಪಟ್ಟದ ಆನೆಯ ಕಣ್ಣು ಈ ಸನ್ನಿಧಿಯಲ್ಲಿ ಗುಣವಾಯಿತೆಂದೂ, ಸುಲ್ತಾನನು ಪಚ್ಚೆಯ ಲಿಂಗವನ್ನು ಒಪ್ಪಿಸಿ ‘ಹಕೀಂ ನಂಜುಂಡ’ನೆಂದು ಕರೆದನೆಂದೂ ಐತಿಹ್ಯವಿದೆ. ರೋಗಿಗಳು ಹರಕೆ ಹೊತ್ತು ಕಪಿಲೆಯಲ್ಲಿ ಮಿಂದು ಮುಡಿಯೊಪ್ಪಿಸುವರು, ಉರುಳುಸೇವೆ ಮಾಡುವರು. ಇಲ್ಲಿ ವ್ಯಾಧಿಯು ನಾಚಿಕೆಯ ಸಂಗತಿಯಲ್ಲ. ಸಾವಿರಾರು ಜನರೆದುರಿಗೆ ಮೈಯಿಂದಲೇ ನಿವೇದಿಸುವ ಸಂಗತಿ.

ಸಿಡುಬಿನ ಮಾತು ಬೇರೆ. ಅದು ರೋಗವೆನಿಸದೆ ‘ಅಮ್ಮ’ನೆನಿಸಿತ್ತು. ಅಮ್ಮನು ಬಂದ ಮನೆಗೆ ಬೇವಿನ ಸೊಪ್ಪು ಕಟ್ಟಿ, ಒಗ್ಗರಣೆಯ ಕಮಟನ್ನೂ ನಿಲ್ಲಿಸಿ, ರೋಗಿಯನ್ನು ದೇವತೆಯಂತೆ ನೋಡಿಕೊಳ್ಳುತ್ತಿದ್ದರು. ಇದರಲ್ಲಿ ಮೂಢತೆಯಷ್ಟೇ ಅಲ್ಲ, ಮರ್ಯಾದೆಯೂ ಒಂದು ಬಗೆಯ ಪ್ರತ್ಯೇಕವಾಸವೂ ಇದ್ದುವು. ಇಂಗ್ಲೆಂಡಿನಲ್ಲಿ ಜೆನ್ನರನು 1798ರಲ್ಲಿ ಪ್ರಕಟಿಸಿದ ಗೋಸಿಡುಬಿನ ವಿಧಾನವು 1802ರಲ್ಲಿ ಮುಂಬಯಿಗೆ ಬಂದಿತು. ಆಗ ಒಬ್ಬರ ತೋಳಿನ ಗುಳ್ಳೆಯ ರಸವನ್ನೇ ಇನ್ನೊಬ್ಬರ ತೋಳಿಗೆ ಹಾಕಬೇಕಾಗಿತ್ತು. ಯಾವ ಜಾತಿಯ ಕೂಸಿನ ರಸವೋ ಎಂಬ ಶಂಕೆಯೇ ಜನರನ್ನು ಹಿಂದೆಗೆಯಿಸಿತು. ಪಂಚಸೂತಕಗಳಲ್ಲಿ ಕಡೆಯದು ಹೀಗೆ ಸೂಜಿಯ ಮೊನೆಯಲ್ಲಿ ಬಂದು ಕುಳಿತಿತು. ಮೈಸೂರಿನಲ್ಲಿ ಈ ಶಂಕೆಯನ್ನು ಸಡಿಲಿಸಲು ಅರಮನೆಯೇ ಮುಂದಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿಯು ದೇವಿ ಹಾಕಿಸಿಕೊಂಡ ವಾರ್ತೆಯು ಪ್ರಜೆಗಳಲ್ಲಿ ಧೈರ್ಯ ಹುಟ್ಟಿಸಿತೆಂದು 1806ರ ದಾಖಲೆಯು ತಿಳಿಸುವುದು. ಥಾಮಸ್ ಹಿಕ್ಕಿಯು 1805ರ ಸುಮಾರಿಗೆ ಬರೆದ ಮೂವರು ಸ್ತ್ರೀಯರ ಚಿತ್ರದಲ್ಲಿ ಬಲಗಡೆಯವಳು ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿರುವಳು; ಆಕೆಯು ದೇವಾಜಮ್ಮಣ್ಣಿಯೆಂದೂ, ತೋರಿಸುತ್ತಿರುವುದು ಆ ಗುರುತನ್ನೇ ಎಂದೂ ಇತ್ತೀಚಿನ ಇತಿಹಾಸಕಾರರು ಊಹಿಸಿರುವರು. ಅಂತಃಪುರದ ತೋಳು ಬಹಿರಂಗದ ಸಾಕ್ಷಿಯಾಯಿತು!

ಇಂತಹ ನಯವು ಪ್ಲೇಗಿನ ಕಾಲದಲ್ಲಿ ಕಾಣಲಿಲ್ಲ. 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕ ಆ ಮಾರಿಯು ಬೇಗನೆ ಮೈಸೂರು ಸೀಮೆಗೂ ಹಬ್ಬಿತು. ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾಗಿದ್ದ, ಶೇಷಾದ್ರಿ ಅಯ್ಯರವರು ದಿವಾನರಾಗಿದ್ದ ಕಾಲವದು. ಮನೆಗಳ ಶೋಧನೆ, ರೋಗಿಗಳನ್ನು ಕ್ಯಾಂಪಿಗೆ ಸಾಗಿಸುವುದು, ಶವಗಳ ತಪಾಸಣೆ ಇವೆಲ್ಲವೂ ಜನರಿಗೆ ರೋಗಕ್ಕಿಂತ ಘೋರವಾಗಿ ತೋರಿದುವು. ವಿಭೂತಿಯನ್ನು ಧರಿಸಿ, ಕರದಲ್ಲಿ ಲಿಂಗವನ್ನಿಟ್ಟು, ಕುಳ್ಳಿರಿಸಿ ಸಮಾಧಿಗೆ ಇಳಿಸಬೇಕಾದ ದೇಹವನ್ನು ಅಪರಿಚಿತನಾದ ಅಧಿಕಾರಿಯು ಮುಟ್ಟಿ ನೋಡುವನೆಂದರೆ ಲಿಂಗವಂತರ ಮನೆಯಲ್ಲಿ ಎಂತಹ ಸಂಕಟವಾಗಿರಬೇಕು! ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅದೇ ವರ್ಷ ದಂಗೆಯೇ ಎದ್ದಿತು. ಸರಕಾರದ ಉದ್ದೇಶವು ಕೆಟ್ಟದ್ದಾಗಿರಲಿಲ್ಲ; ಆದರೆ ಕೇಳದೆ ಮುಟ್ಟುವ ಕೈಯನ್ನು ಯಾರೂ ವೈದ್ಯನ ಕೈಯೆಂದು ತಿಳಿಯರು.

ಅದೇ ಸಮಯದಲ್ಲಿ ಜನರ ನಡತೆಯೂ ನಿರ್ದೋಷವಾಗಿರಲಿಲ್ಲ. ಇಲಿ ಬಿದ್ದೊಡನೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಿಲು ಹಾಕಿಕೊಂಡುದು ವಿವೇಕವೇ ಸರಿ. ರೋಗಾಣುವು ಇಲಿಯ ಚಿಗಟದಿಂದ ಬರುವುದೆಂದು ಶಾಸ್ತ್ರಜ್ಞರು ನಿಶ್ಚಯಿಸುವುದಕ್ಕೆ ಮೊದಲೇ ರೈತನು ಇಲಿಯ ಸಾವನ್ನು ಓದಬಲ್ಲವನಾಗಿದ್ದನು. ಆದರೆ ಆ ಓಟದಲ್ಲಿ ಗಂಟು ಕಟ್ಟಿದ ಮುದುಕರೂ ಅನಾಥರೂ ಹಿಂದೆ ಉಳಿದುದುಂಟು. ಸೂತಕವಿಲ್ಲವೆಂದು ಪಠಿಸಿದವರೂ ಆ ಬಾಗಿಲುಗಳನ್ನು ದಾಟಿ ಹೋದರು. ಪಾದೋದಕವನ್ನೇ ಔಷಧಿಯೆಂದು ಹೇಳಿ ವೈದ್ಯನನ್ನು ದೂರವಿಟ್ಟವರು ಇದ್ದರೆ ಅವರು ಅಷ್ಟಾವರಣದ ಅರ್ಥವನ್ನು ಅರಿತವರಲ್ಲ. ಅದು ಭವರೋಗದ ವಿಷಯ, ಚಳಿಜ್ವರದ್ದಲ್ಲ.

ಅನಂತರದ ಸಂಸ್ಥೆಗಳ ವಿವರವು ಸಾಮಾನ್ಯವಾಗಿ ಗೊತ್ತಿರುವುದೇ. ಮೈಸೂರಿನ ಆಯುರ್ವೇದ ಪಾಠಶಾಲೆಯು 1908ರಲ್ಲಿ ಹುಟ್ಟಿತು. ನಂಜನಗೂಡಿನಲ್ಲಿ 1913ರಲ್ಲಿ ಬಿ. ವಿ. ಪಂಡಿತರು ಸದ್ವೈದ್ಯಶಾಲೆಯನ್ನು ಸ್ಥಾಪಿಸಲು, ಅದರ ಹಲ್ಲುಪುಡಿಯು ನಂಜುಂಡನ ಹೆಸರಿನ ಊರನ್ನು ಕನ್ನಡಿಗರ ಮನೆಮನೆಗೂ ಒಯ್ದಿತು. ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂದಿತು.

ಭಾರತದಲ್ಲಿ ಸಿಡುಬಿನ ಕಡೆಯ ಪ್ರಕರಣವು ಕಂಡದ್ದು 1975ರಲ್ಲಿ. ಅದಾದ ಮೇಲೆಯೂ ಈ ಸೀಮೆಯ ಊರುಗಳಲ್ಲಿ ಮಾರಿಹಬ್ಬವು ನಿಂತಿಲ್ಲ. ತಂಬಿಟ್ಟಿನ ಆರತಿಯನ್ನೂ ಬೇವಿನ ಸೊಪ್ಪನ್ನೂ ಹೊತ್ತ ಹೆಂಗಸರು ಗುಡಿಗೆ ಹೋಗುವರು. ಅವರಲ್ಲಿ ವಯಸ್ಸಾದವರ ತೋಳಿನ ಮೇಲೆ ದೇವಿ ಹಾಕಿಸಿದ ಕಲೆಯು ಇನ್ನೂ ಕಾಣುವುದು. ಆ ಕಲೆಗೂ ಜನರು ಇಟ್ಟ ಹೆಸರು ‘ದೇವಿ’ ಎಂದೇ.