ಸೋದರತ್ತೆಯ ದಿನಚರಿ

ಮಗು ಮೊದಲ ಸಲ ಬೋರಲು ಬಿದ್ದ ದಿನ ಮನೆಯಲ್ಲಿ ಏನಾದರೊಂದು ಸಿಹಿ ಮಾಡುವುದು, ಅಂಬೆಗಾಲಿಕ್ಕಿ ಹೊಸ್ತಿಲು ದಾಟಿದ ದಿನ ಆ ಹೊಸ್ತಿಲಿಗೆ ಅರಿಸಿನ ಕುಂಕುಮವಿಟ್ಟು ನೆರೆಮನೆಯ ಮಕ್ಕಳಿಗೆ ತಿಂಡಿ ಹಂಚುವುದು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ನಡೆದುಬಂದ ರೂಢಿ. ಮಗುವಿನ ಬೆಳವಣಿಗೆಯನ್ನು ಗುರುತಿಟ್ಟುಕೊಳ್ಳುವುದಕ್ಕೆ ನಮ್ಮ ಅಜ್ಜಿಯಂದಿರು ಕಂಡುಕೊಂಡಿದ್ದ ಉಪಾಯ ಇದು. ಅವರ ಬಳಿ ಕಾಗದವಿರಲಿಲ್ಲ, ನೆನಪಿತ್ತು. ‘ಇವನು ದಟ್ಟಡಿ ಇಟ್ಟದ್ದು ದೀಪಾವಳಿಯ ಹಿಂದಿನ ವಾರ, ಇವನಣ್ಣ ಅದಕ್ಕಿಂತ ತಡ’ ಎಂದು ಇಪ್ಪತ್ತು ವರ್ಷಗಳಾದ ಮೇಲೂ ತಡವರಿಸದೆ ಹೇಳಬಲ್ಲ ಅಜ್ಜಿಯರನ್ನು ನಾನು ಕಂಡಿದ್ದೇನೆ. ಬೋರಲು ಬೀಳುವುದು, ಅಂಬೆಗಾಲು, ದಟ್ಟಡಿ, ತೊದಲು ಎಂದು ಹೆಜ್ಜೆಹೆಜ್ಜೆಗೂ ಒಂದೊಂದು ಹೆಸರಿಟ್ಟ ಭಾಷೆ ನಮ್ಮದು. ಆದರೆ ಆ ನೆನಪುಗಳೆಲ್ಲ ಅಜ್ಜಿಯರೊಡನೆಯೇ ಹೋದುವು. ಒಂದು ಮಗುವನ್ನು ದಿನದಿನವೂ ನೋಡಿ ಬರೆದಿಡಬೇಕು, ಹಾಗೆ ಬರೆದುದು ಒಂದು ವಿದ್ಯೆಯಾದೀತು ಎಂಬ ಭಾವನೆ ಹುಟ್ಟಿದ್ದು ಹೇಗೆ, ಹಾಗೆ ಬರೆದವರಲ್ಲಿ ಒಬ್ಬಾಕೆಯ ಬಾಳು ಏನಾಯಿತು ಎಂಬುದನ್ನು ಈ ಹೊತ್ತು ಹೇಳಬೇಕೆಂದಿದ್ದೇನೆ.

ಮೊದಲು ಬರೆದವರು ತಾಯಂದಿರಲ್ಲ, ತಂದೆಯರು. ಜರ್ಮನಿಯ ತತ್ತ್ವಶಾಸ್ತ್ರದ ಅಧ್ಯಾಪಕ ಟೀಡೆಮನ್ 1781ರಲ್ಲಿ ಹುಟ್ಟಿದ ತನ್ನ ಮಗನ ಬಗೆಗೆ ಟಿಪ್ಪಣಿ ಮಾಡಿಟ್ಟು 1787ರಲ್ಲಿ ಅದನ್ನು ಪ್ರಕಟಿಸಿದ. ಅದು ಬಹುಕಾಲ ಯಾರ ಗಮನಕ್ಕೂ ಬೀಳಲಿಲ್ಲ. 1839ರ ಡಿಸೆಂಬರ್ 27ರಂದು ಡಾರ್ವಿನ್ನನಿಗೆ ವಿಲಿಯಂ ಎಂಬ ಚೊಚ್ಚಲ ಮಗ ಹುಟ್ಟಿದ. ಜೀವಜಾತಿಗಳ ಮೂಲವನ್ನು ಅರಸುತ್ತಿದ್ದ ಆ ಕಣ್ಣು ತೊಟ್ಟಿಲಿನ ಕಡೆಗೂ ತಿರುಗಿತು. ಏಳನೆಯ ದಿನ ಮಗುವಿನ ಅಂಗಾಲಿಗೆ ಕಾಗದದ ಚೂರು ತಾಗಿಸಿ ಅದು ಕಾಲು ಸೆಳೆದುಕೊಂಡ ಬಗೆಯನ್ನು ಆತ ಬರೆದುಕೊಂಡ. ಆ ಪುಸ್ತಕದಲ್ಲಿ ಅಲ್ಲಲ್ಲಿ ಹೆಂಡತಿ ಎಮ್ಮಳ ಕೈಬರಹವೂ ಇದೆ. ಟಿಪ್ಪಣಿಗಳು ಮೂವತ್ತೇಳು ವರ್ಷ ಹಾಗೆಯೇ ಬಿದ್ದಿದ್ದುವು. ಫ್ರಾನ್ಸಿನ ತೇನ್ ತನ್ನ ಮಗಳು ಮಾತು ಕಲಿತ ಬಗೆಯನ್ನು ಕುರಿತು ಬರೆದ ಲೇಖನ 1877ರಲ್ಲಿ ಇಂಗ್ಲಿಷಿಗೆ ಬಂದಾಗ, ಅದನ್ನು ಓದಿ ಡಾರ್ವಿನ್ ತನ್ನ ಹಳೆಯ ಪುಸ್ತಕವನ್ನು ಹೊರತೆಗೆದು ಅದೇ ವರ್ಷ ಲೇಖನವಾಗಿಸಿದ.

ಆ ಲೇಖನದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಸಣ್ಣ ಕಳ್ಳತನ. ಮಗುವಿಗೆ ಆಗ ಎರಡೂ ಮುಕ್ಕಾಲು ವರ್ಷದ ಹತ್ತಿರ. ಮುಟ್ಟಬಾರದೆಂದಿದ್ದ ಸಕ್ಕರೆಯನ್ನು ತಿಂದು ಊಟದ ಕೋಣೆಯಿಂದ ಹೊರಬರುತ್ತಿದ್ದಾಗ ಅವನ ಕಣ್ಣಿನ ಅಸಹಜವಾದ ಹೊಳಪಿನಿಂದಲೇ ತಂದೆಗೆ ಅನುಮಾನ ಬಂತು. ಹದಿನೈದು ದಿನಗಳ ಮೇಲೆ ಮತ್ತೆ ಅದೇ ಬಾಗಿಲು. ಈ ಸಲ ಮೇಲುಡುಪನ್ನು ಜೋಪಾನವಾಗಿ ಸುರುಳಿ ಸುತ್ತಿಕೊಂಡಿದ್ದಾನೆ, ಒಳಗೆ ಏನೂ ಇಲ್ಲವೆನ್ನುತ್ತಾನೆ, ಅಪ್ಪನನ್ನು ಆಚೆ ಹೋಗೆನ್ನುತ್ತಾನೆ. ಬಿಚ್ಚಿ ನೋಡಿದರೆ ಉಪ್ಪಿನಕಾಯಿಯ ರಸದ ಕಲೆ! ವಂಚನೆಯ ಮೊಳಕೆಯನ್ನು ಡಾರ್ವಿನ್ ಇಷ್ಟು ಶಾಂತನಾಗಿ ನೋಡಿದನಲ್ಲ, ನಮ್ಮಲ್ಲಾಗಿದ್ದರೆ ಬೆನ್ನಿಗೆ ಒಂದು ಬಿದ್ದು ಶಾಸ್ತ್ರ ಅಲ್ಲಿಗೇ ಮುಗಿಯುತ್ತಿತ್ತು.

ಇವರ ಬಳಿಕ ಯೇನಾ ನಗರದಲ್ಲಿದ್ದ ಶರೀರಶಾಸ್ತ್ರಜ್ಞ ಪ್ರೈಯರ್ ಬಂದ. ಮಗನನ್ನು ಹುಟ್ಟಿದಂದಿನಿಂದ ಮೂರು ವರ್ಷದವರೆಗೆ ದಿನಕ್ಕೆ ಕಡಿಮೆಯೆಂದರೆ ಮೂರು ಬಾರಿ ನೋಡಿ, ಆಗಿಂದಾಗಲೇ ಬರೆದು, 1882ರಲ್ಲಿ ದೊಡ್ಡ ಗ್ರಂಥವನ್ನೇ ಹೊರತಂದ. ಶಿಶುವಿನ ಅಧ್ಯಯನ ಶಾಸ್ತ್ರವೆನಿಸಿಕೊಂಡದ್ದು ಅಲ್ಲಿಂದ. ಹಗಲಿರುಳೂ ಮಗುವಿನೊಡನೆ ಇರುತ್ತಿದ್ದ ತಾಯಂದಿರನ್ನಾದರೋ ಪಂಡಿತರು ಸಾಕ್ಷಿಗಳೆಂದು ನಂಬಲು ಹಿಂಜರಿಯುತ್ತಿದ್ದರು. ಅಕ್ಕರೆ ಕಣ್ಣನ್ನು ಮಬ್ಬುಗೊಳಿಸುತ್ತದೆ ಎಂಬುದು ಅವರ ಸಂಶಯ. ತಂದೆಗೂ ಅಕ್ಕರೆಯುಂಟಲ್ಲವೇ ಎಂದು ಯಾರೂ ಕೇಳಿದಂತೆ ಕಾಣದು.

ಇಂಥ ಕಾಲದಲ್ಲಿ ಅಮೆರಿಕದ ಪಶ್ಚಿಮ ತೀರದ ಒಂದು ಹಣ್ಣಿನ ತೋಟದ ಮನೆಯಲ್ಲಿ ಬರೆಯಲು ಕುಳಿತವಳು ಮಿಲಿಸೆಂಟ್ ವಾಷ್‌ಬರ್ನ್ ಶಿನ್. ಕ್ಯಾಲಿಫೋರ್ನಿಯದ ನೈಲ್ಸ್ ಎಂಬ ಊರಿನಲ್ಲಿ 1858ರಲ್ಲಿ ಹುಟ್ಟಿದ ಈಕೆ 1880ರಲ್ಲಿ ಬರ್ಕ್‌ಲಿಯ ವಿಶ್ವವಿದ್ಯಾನಿಲಯದಿಂದ ಪದವಿ ಪಡೆದು, ಮುಂದೆ ಹತ್ತು ವರ್ಷಕ್ಕೂ ಮೇಲ್ಪಟ್ಟು ‘ಓವರ್‌ಲ್ಯಾಂಡ್ ಮಂತ್‌ಲಿ’ ಎಂಬ ಸಾಹಿತ್ಯಪತ್ರಿಕೆಯ ಸಂಪಾದಕಿಯಾಗಿದ್ದಳು. ಮದುವೆಯಾಗಲಿಲ್ಲ. ಅದೇ ಮನೆಯಲ್ಲಿ ತಮ್ಮನ ಸಂಸಾರವೂ ಇತ್ತು. 1890ರ ಸೆಪ್ಟೆಂಬರಿನಲ್ಲಿ ತಮ್ಮನಿಗೆ ರೂತ್ ಎಂಬ ಮಗಳು ಹುಟ್ಟಿದಳು. ನಮ್ಮಲ್ಲಿ ನಾಮಕರಣದ ದಿನ ತೊಟ್ಟಿಲಿನ ಬಳಿ ಸೋದರತ್ತೆಗೆ ಒಂದು ಸ್ಥಾನವುಂಟು. ಮಗುವಿನ ಕಿವಿಯಲ್ಲಿ ಹೆಸರನ್ನು ಉಸುರುವ ಹಕ್ಕು ಹಲವು ಮನೆಗಳಲ್ಲಿ ಆಕೆಯದು. ಇಂಗ್ಲಿಷಿನಲ್ಲಿ ಆ ಸಂಬಂಧಕ್ಕೆ ಬೇರೆ ಹೆಸರೇ ಇಲ್ಲ. ಆದರೂ ಮಿಲಿಸೆಂಟ್ ಮಾಡಿದ್ದು ಸೋದರತ್ತೆಯ ಕೆಲಸವೇ. ತಾಯಿಯಷ್ಟು ಹತ್ತಿರ, ಆದರೆ ಹಾಲೂಡಿಸಿ ದಣಿದವಳಲ್ಲ. ಪಂಡಿತನಷ್ಟು ಶ್ರದ್ಧೆ, ಆದರೆ ಗಂಟೆಗೊಮ್ಮೆ ಬಂದು ಇಣುಕಿ ಹೋಗುವವಳಲ್ಲ. ಪ್ರಕಟಿಸಬೇಕೆಂಬ ಹವಣಿಕೆಯೂ ಆಗ ಆಕೆಗೆ ಇರಲಿಲ್ಲ. ಮನೆಯಲ್ಲಿ ಮಗು ಬಂತು, ನೋಡುವ ಆಸೆಯಿತ್ತು, ಪುಸ್ತಕ ತೆರೆದಳು.

ಆ ಟಿಪ್ಪಣಿಗಳಲ್ಲಿ 25ನೆಯ ದಿನದ್ದನ್ನು ನಾನು ಮರೆಯಲಾರೆ. ಸಂಜೆಯ ಹೊತ್ತು. ಅಗ್ಗಿಷ್ಟಿಕೆಯ ಬಳಿ ಅಜ್ಜಿಯ ತೊಡೆಯ ಮೇಲೆ ಮಗು ಹಾಯಾಗಿ ಮಲಗಿ ಅಜ್ಜಿಯ ಮುಖವನ್ನೇ ನೋಡುತ್ತಿದೆ. ಮಿಲಿಸೆಂಟ್ ಪಕ್ಕದಲ್ಲಿ ಬಂದು ಕುಳಿತು ಬಾಗಿದಳು. ಮಗುವಿನ ಕಣ್ಣು ಹೊರಳಿ ಈ ಹೊಸ ಮುಖದ ಮೇಲೆ ನಿಂತಿತು. ಅಲ್ಲಿ ಏನೋ ಪ್ರಯಾಸಪಟ್ಟಂತೆ ನೋಡಿ ಮತ್ತೆ ಅಜ್ಜಿಯ ಕಡೆಗೆ ತಿರುಗಿತು, ಪುನಃ ಅತ್ತೆಯ ಕಡೆಗೆ. ಹೀಗೆ ಹಲವು ಸಲ. ಕೊನೆಗೆ ಅತ್ತೆಯ ಹೆಗಲ ಮೇಲೆ ದೀಪದ ಬೆಳಕು ಬಿದ್ದು ಹೊಳೆಯುತ್ತಿದ್ದುದು ಕಣ್ಣಿಗೆ ತಾಗಿತೋ ಏನೋ, ಅದನ್ನು ಚೆನ್ನಾಗಿ ಕಾಣಲೆಂದು ತಲೆಯನ್ನೇ ಹಿಂದಕ್ಕೆ ಎಸೆಯಿತು. ಅದುವರೆಗೆ ಕಣ್ಣು ಸುಮ್ಮನೆ ತೆರೆದುಕೊಂಡಿತ್ತು, ಅಂದು ನೋಡಿತು. ಮಗುವಿನ ಮುಖದಲ್ಲಿ ಆಗ ಮೂಡಿದ ಅಸ್ಫುಟವಾದ ಆತುರವನ್ನು ಆಕೆ ಅಂದೇ ಬರೆದಿಟ್ಟಳು. ಬರೆಯದಿದ್ದರೆ ಆ ಕ್ಷಣ ಎಲ್ಲಿರುತ್ತಿತ್ತು? ಅಜ್ಜಿಗೆ ಅದು ತೊಡೆಯ ಮೇಲಿನ ಒಂದು ಮಿಸುಕಾಟ, ಅಷ್ಟೇ.

ಕೈಯ ಕಥೆಯೂ ಹಾಗೆಯೇ. ಮಗು ವಸ್ತುವನ್ನು ಹಿಡಿಯಲು ಕಲಿಯುವುದನ್ನು ನಾವು ಒಂದು ದಿನದ ಘಟನೆಯೆಂದು ಭಾವಿಸುತ್ತೇವೆ. ಆಕೆಯ ಟಿಪ್ಪಣಿಗಳಲ್ಲಿ ಅದು ವಾರಗಟ್ಟಲೆ ನಡೆಯುವ ನಾಟಕ. ಮೊದಲು ಲೋಕವನ್ನು ಮುಟ್ಟಿ ನೋಡುವುದು ಬಾಯಿ. ಕೈ ಆಕಸ್ಮಿಕವಾಗಿ ಬಾಯಿಗೆ ಬರುತ್ತದೆ, ಆಮೇಲೆ ಬೇಕೆಂದೇ ಬರುತ್ತದೆ. ಕೈಗೆ ತಾಗಿದ್ದು ಬಾಯಿಗೆ ಹೋಗುತ್ತದೆ. ಕಣ್ಣು ಬೇರೆಲ್ಲೋ ಇರುತ್ತದೆ. ಕಣ್ಣಿಗೂ ಕೈಗೂ ಪರಿಚಯವಾಗಿ, ಕಂಡದ್ದನ್ನು ಕೈಚಾಚಿ ಹಿಡಿಯುವ ಹೊತ್ತಿಗೆ ನಾಲ್ಕು ತಿಂಗಳು ಕಳೆದಿರುತ್ತವೆ. ಒಂದು ಶಕ್ತಿಯೊಳಗಿಂದ ಇನ್ನೊಂದು ಶಕ್ತಿ ಹೇಗೆ ಬಿಚ್ಚಿಕೊಳ್ಳುತ್ತದೆ ಎಂಬುದೇ ಆಕೆಯ ಕುತೂಹಲವಾಗಿತ್ತು.

ಈ ಕಾರಣದಿಂದಲೇ ಆಕೆಗೆ ಸರಾಸರಿಗಳಲ್ಲಿ ಹೆಚ್ಚು ನಂಬಿಕೆ ಇರಲಿಲ್ಲ. ಸಾವಿರ ಮಕ್ಕಳು ಸರಾಸರಿ ಎಷ್ಟನೆಯ ವಾರದಲ್ಲಿ ಎದ್ದುನಿಂತರೆಂದು ಲೆಕ್ಕ ಹಾಕಿದರೆ ನಿಲ್ಲುವುದೆಂದರೇನು ಎಂಬುದು ತಿಳಿಯುವುದಿಲ್ಲ, ಒಂದೇ ಮಗುವನ್ನು ಮೊದಲಿನಿಂದ ಕಡೆಯವರೆಗೆ ನೋಡಿದವರಿಗೆ ಅದು ತಿಳಿಯುತ್ತದೆ ಎಂಬುದು 1900ರಲ್ಲಿ ಆಕೆ ಜನಸಾಮಾನ್ಯರಿಗಾಗಿ ಬರೆದ ‘ಒಂದು ಮಗುವಿನ ಜೀವನಚರಿತ್ರೆ’ ಎಂಬ ಪುಸ್ತಕದ ವಾದ. ಪುಸ್ತಕದ ಹೆಸರೇ ಗಮನಾರ್ಹ. ಅಳತೆಗೋಲಿಗೂ ಜೀವನಚರಿತ್ರೆಗೂ ಇರುವ ಅಂತರ ಅದರಲ್ಲಿದೆ.

ಈ ಮಾತನ್ನು ಕೇವಲ ಸಾಹಿತಿಯೊಬ್ಬಳ ಒಲವೆಂದು ತಳ್ಳಿಹಾಕುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದಂತೆ ಐದು ದೇಶಗಳ 816 ಆರೋಗ್ಯವಂತ ಮಕ್ಕಳನ್ನು ನೋಡಿ 2006ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ: ಆಸರೆಯಿಲ್ಲದೆ ನಡೆಯುವ ಕಾಲ 8.2 ತಿಂಗಳಿಂದ 17.6 ತಿಂಗಳವರೆಗೆ ಹರಡಿಕೊಂಡಿತ್ತು. ಶೇಕಡ 4.3ರಷ್ಟು ಮಕ್ಕಳು ಅಂಗೈ ಮಂಡಿಗಳನ್ನೂರಿ ಅಂಬೆಗಾಲಿಕ್ಕಲೇ ಇಲ್ಲ. ಎದುರುಮನೆಯ ಮಗು ಹತ್ತು ತಿಂಗಳಿಗೇ ನಡೆಯಿತೆಂದು ತನ್ನ ಕಂದನನ್ನು ಹಿಡಿದು ನಿಲ್ಲಿಸಿ ನಿಲ್ಲಿಸಿ ಅಳಿಸುವ ತಾಯಂದಿರು ಪ್ರತಿ ಬೀದಿಯಲ್ಲೂ ಇದ್ದಾರೆ. ಅವರಿಗೆ ಈ ಅಂಕಿಗಳನ್ನು ಯಾರಾದರೂ ಓದಿ ಹೇಳಬೇಕು. ಆದರೆ ಅಳತೆಯೇ ಬೇಡವೆಂದೂ ನಾನು ಹೇಳಲಾರೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದು ಮೊದಲಿಟ್ಟದ್ದು ತಿರುಮಕೂಡಲು ನರಸೀಪುರದಲ್ಲಿ. ಅಂದಿನಿಂದ ಅಂಗನವಾಡಿಯ ತಕ್ಕಡಿಯೂ ತೂಕದ ಗೆರೆಯೂ ಎಷ್ಟೋ ಹಳ್ಳಿಗಳಲ್ಲಿ, ಕಣ್ಣಿಗೆ ಕಾಣದಂತೆ ಸೊರಗುತ್ತಿದ್ದ ಮಕ್ಕಳನ್ನು ಕಾಣುವಂತೆ ಮಾಡಿವೆ. ಹಸಿವು ಎಲ್ಲಿದೆಯೆಂದು ತೋರಿಸಲು ಗೆರೆ ಬೇಕು. ಮಗು ಏನನ್ನು ನೋಡುತ್ತಿದೆಯೆಂದು ಆ ಗೆರೆ ಹೇಳದು.

ಮಿಲಿಸೆಂಟಳ ಕಡೆಗೆ ಹಿಂದಿರುಗೋಣ. 1893ರಲ್ಲಿ ಷಿಕಾಗೋದ ವಿಶ್ವಮೇಳದಲ್ಲಿ ಆಕೆ ಮಗುವಿನ ಮೊದಲ ಎರಡು ವರ್ಷಗಳನ್ನು ಕುರಿತು ಪ್ರಬಂಧವೊಂದನ್ನು ಮಂಡಿಸಿದಳು. ನಮಗೆ ಆ ಮೇಳವೆಂದರೆ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನವಷ್ಟೇ ನೆನಪು. ಅದೇ ಮೇಳದ ಇನ್ನೊಂದು ಸಭೆಯಲ್ಲಿ ಒಂದು ತೋಟದ ಮನೆಯ ಮಗುವಿನ ಕಥೆಯನ್ನೂ ವಿದ್ವಾಂಸರು ಕೇಳಿದರು. ಟಿಪ್ಪಣಿಗಳನ್ನು ವಿಶ್ವವಿದ್ಯಾನಿಲಯವೇ ಅದೇ ವರ್ಷದಿಂದ ಕಂತುಕಂತಾಗಿ ಅಚ್ಚು ಮಾಡತೊಡಗಿತು. ಕಾಲೇಜು ಓದಿ ತಾಯಂದಿರಾಗಿದ್ದ ಮಹಿಳೆಯರ ಒಂದು ಬಳಗವನ್ನು ಕಟ್ಟಿ, ಅವರವರ ಮನೆಗಳಲ್ಲಿ ಇಂಥದೇ ದಿನಚರಿ ಇಡುವಂತೆ ಆಕೆ ಪ್ರೇರಿಸಿದಳು. ಓದಿದ ವಿದ್ಯೆ ಒಲೆಯ ಮುಂದೆ ವ್ಯರ್ಥವಾಯಿತೆಂದು ಕೊರಗುತ್ತಿದ್ದ ಹೆಣ್ಣುಮಕ್ಕಳಿಗೆ ತಮ್ಮ ಅಡಿಗೆಮನೆಯ ನೆಲವೇ ಪ್ರಯೋಗಶಾಲೆಯಾದದ್ದು ಸಣ್ಣ ಮಾತಲ್ಲ. 1894ರಲ್ಲಿ ಪತ್ರಿಕೆಯನ್ನು ಬಿಟ್ಟು ಆಕೆ ಮತ್ತೆ ವಿದ್ಯಾರ್ಥಿನಿಯಾದಳು. 1898ರಲ್ಲಿ ಬರ್ಕ್‌ಲಿಯಲ್ಲಿ ಡಾಕ್ಟರ್ ಪದವಿ ಪಡೆದ ಮೊದಲ ಮಹಿಳೆಯೆನಿಸಿದಳು. ಆಗ ಆಕೆಗೆ ನಲವತ್ತು ವರ್ಷ.

ಓದುಗರು ಇಲ್ಲಿಂದ ಮುಂದೆ ಪ್ರಾಧ್ಯಾಪಕಿಯ ಹುದ್ದೆಯನ್ನೂ ಶಿಷ್ಯಮಂಡಲಿಯನ್ನೂ ನಿರೀಕ್ಷಿಸಬಹುದು. ಹಾಗೇನೂ ಆಗಲಿಲ್ಲ. ಪದವಿ ಪಡೆದವಳು ನೈಲ್ಸಿನ ತೋಟದ ಮನೆಗೆ ಮರಳಿದಳು. ಮನೆಯ ಹಿರಿಯರನ್ನು ನೋಡಿಕೊಳ್ಳಬೇಕು, ಕಿರಿಯರನ್ನು ಸಲಹಬೇಕು. ಮದುವೆಯಾಗದ ಮಗಳಲ್ಲದೆ ಇನ್ನಾರು? ಮಗುವನ್ನು ನೋಡುವ ಅವಕಾಶವನ್ನು ಆಕೆಗೆ ಕೊಟ್ಟದ್ದು ಆ ಮನೆ, ವಿದ್ಯೆಯನ್ನು ಮುಂದುವರಿಸದಂತೆ ಕಟ್ಟಿಹಾಕಿದ್ದೂ ಅದೇ ಮನೆ. ಇದನ್ನು ತ್ಯಾಗವೆಂದು ಹೊಗಳಲು ನನಗೆ ಮನಸ್ಸು ಬಾರದು. ಆಕೆಯ ತಲೆಮಾರಿನ ಗಂಡಸೊಬ್ಬ ಇಂಥ ಪದವಿ ಹೊತ್ತು ಮನೆಗೆ ಬಂದಿದ್ದರೆ ಅವನ ಓದುಕೋಣೆಯ ಬಾಗಿಲು ತಟ್ಟಲು ಮನೆಯವರು ಹೆದರುತ್ತಿದ್ದರು.

ಅಷ್ಟರಲ್ಲಿ ಹೊರಗೆ ಕಾಲ ಬದಲಾಗುತ್ತಿತ್ತು. 1911ರಲ್ಲಿ ಗೆಸೆಲ್ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಮಕ್ಕಳ ಚಿಕಿತ್ಸಾಲಯ ತೆರೆದ. ಕ್ರಮೇಣ ಅಲ್ಲಿ ಹೊರಗಿನಿಂದ ಮಾತ್ರ ಕಾಣುವ ಪರದೆಯ ಹಿಂದೆ ಕುಳಿತು, ಚಲನಚಿತ್ರ ಹಿಡಿದು, ನೂರಾರು ಮಕ್ಕಳನ್ನು ಅಳೆದು, ಯಾವ ತಿಂಗಳಿಗೆ ಯಾವ ಶಕ್ತಿ ಎಂಬ ಪಟ್ಟಿಗಳು ಸಿದ್ಧವಾದುವು. ಇಂದು ವೈದ್ಯರ ಕೈಯಲ್ಲಿರುವ ಪಟ್ಟಿಗಳ ಹಿರಿಯಜ್ಜ ಅದು. 1928ರಲ್ಲಿ ವಾಟ್ಸನ್ ಎಂಬ ಇನ್ನೊಬ್ಬ ಪಂಡಿತ, ಮಕ್ಕಳನ್ನು ಮುದ್ದಿಸಬೇಡಿ, ತೊಡೆಯ ಮೇಲೆ ಕೂರಿಸಬೇಡಿ, ಬೆಳಗ್ಗೆ ಕೈಕುಲುಕಿದರೆ ಸಾಕು ಎಂದು ತಾಯಂದಿರಿಗೆ ಬುದ್ಧಿ ಹೇಳಿದ. ಅಜ್ಜಿಯ ತೊಡೆಯ ಮೇಲೆ ಮಗು ಹಾಯಾಗಿದ್ದುದರಿಂದಲೇ 25ನೆಯ ದಿನದ ಆ ನೋಟ ಅರಳಿತೆಂಬುದನ್ನು ಆತ ಓದಿದ್ದನೋ ಇಲ್ಲವೋ.

ಮಿಲಿಸೆಂಟಳ ಎರಡನೆಯ ಸಂಪುಟ, ಮಗುವಿನ ಮೊದಲ ಮೂರು ವರ್ಷಗಳ ಇಂದ್ರಿಯಶಕ್ತಿಗಳನ್ನು ಕುರಿತದ್ದು, 1907ರಲ್ಲಿ ಹೊರಬಂತು. ಅದರ ಬಳಿಕ ಶಿಶುಗಳನ್ನು ಕುರಿತ ಇನ್ನೊಂದು ದೊಡ್ಡ ಗ್ರಂಥ ಆಕೆಯಿಂದ ಬರಲಿಲ್ಲ. ಐವತ್ತು ದಾಟಿದ ಮೇಲೆ, 1910ರ ದಶಕದಲ್ಲಿ, ತಮ್ಮನ ಮಕ್ಕಳಿಗೆ ಮನೆಯಲ್ಲಿಯೇ ಪಾಠ ಹೇಳುವ ಹೊಣೆಯನ್ನು ಆಕೆ ವಹಿಸಿಕೊಂಡಳು. 1940ರಲ್ಲಿ ತೀರಿಕೊಳ್ಳುವವರೆಗೂ ಆಕೆಯ ವಾಸ ನೈಲ್ಸಿನಲ್ಲಿಯೇ. ಡಾಕ್ಟರ್ ಪದವಿ ಪಡೆದ ಆ ಅತ್ತೆಯ ಮುಂದೆ ಸ್ಲೇಟು ಹಿಡಿದು ಕುಳಿತ ಮಕ್ಕಳಿಗೆ, ಈಕೆ ತಮ್ಮ ಅಕ್ಕನ ಮೊದಲ ನೋಟವನ್ನು ಅಚ್ಚಿಗೆ ಕಳಿಸಿದವಳೆಂದು ಗೊತ್ತಿತ್ತೋ, ಅಥವಾ ಅವರಿಗೂ ಆಕೆ ಬರೇ ಅತ್ತೆಯೋ.