ಕವರ್ ನೋಟಿನ ಮೂರನೆಯವರು

1984ರಲ್ಲಿ ಚಿತ್ರದುರ್ಗದ ಒಂದು ಲಾರಿ ಆಫೀಸಿನ ಮೂಲೆಯಲ್ಲಿ ಮೇಜು ಹಾಕಿಕೊಂಡು ವಿಮೆ ಏಜೆಂಟ್ ಕೆಲಸಕ್ಕೆ ಕೂತೆ. ಪಾಲಿಸಿ ಕೈಗೆ ಬರುವ ತನಕ ಕೊಡುವ ತಾತ್ಕಾಲಿಕ ಕಾಗದವೇ ಕವರ್ ನೋಟು. ಅದರ ಹಾಳೆಗಳ ನಡುವೆ ಕಾರ್ಬನ್ ಇಟ್ಟು, ಪೆನ್ನು ಒತ್ತಿ ಬರೆಯಬೇಕು. ಅಡಿಯ ಪ್ರತಿಯಲ್ಲಿ ಎಂಜಿನ್ ನಂಬರು ಸರಿಯಾಗಿ ಮೂಡದಿದ್ದರೆ ಬ್ರಾಂಚಿನಿಂದ ವಾಪಸ್ ಬರುತ್ತಿತ್ತು. ಲಾರಿ ಮಾಲೀಕರು ಕೇಳುತ್ತಿದ್ದುದು ಒಂದೇ ಮಾತು: "ಪೊಲೀಸ್ನೋರು ಹಿಡಿದ್ರೆ ತೋರ್ಸೋಕೆ ಒಂದು ಆಕ್ಟ್ ಪಾಲಿಸಿ ಮಾಡ್ಕೊಡಿ ಸ್ವಾಮಿ."

ಆಕ್ಟ್ ಪಾಲಿಸಿ ಎಂದರೆ ಕಾನೂನು ಕೇಳಿದಷ್ಟು, ಅದಕ್ಕಿಂತ ಒಂದು ಚೂರೂ ಹೆಚ್ಚಿಲ್ಲ. ಗಾಡಿ ಬಡಿದು ಸತ್ತವರ ಮನೆಯವರು ಕೋರ್ಟಿನಲ್ಲಿ ಗೆದ್ದರೂ ಗಾಡಿಯವನ ಕೈ ಬರಿದಾಗಿದ್ದರೆ ಡಿಕ್ರಿ ಇಟ್ಟುಕೊಂಡು ಏನು ಮಾಡುವುದು? ಈ ಸಂಕಟಕ್ಕೇ ಬ್ರಿಟನ್ 1930ರಲ್ಲಿ ವಿಮೆಯನ್ನು ಕಡ್ಡಾಯ ಮಾಡಿತು. ನಮ್ಮ 1939ರ ಮೋಟಾರು ವಾಹನ ಕಾಯ್ದೆಯೂ ಅದನ್ನೇ ಹೇಳಿತು. ವಿಮೆಯ ಅಧ್ಯಾಯ ಜಾರಿಗೆ ಬಂದದ್ದು ಮಾತ್ರ 1946ರ ಜುಲೈ 1ರಂದು. ಮಾಲೀಕ ಒಬ್ಬ, ಕಂಪನಿ ಇನ್ನೊಂದು, ರಸ್ತೆಯಲ್ಲಿ ನಡೆದು ಹೋಗುವವನು ಮೂರನೆಯವನು. ಕವರ್ ನೋಟಿನಲ್ಲಿ ಅವನ ಹೆಸರಿಲ್ಲ, ಸಹಿಯಿಲ್ಲ. ಆದರೂ ಆ ಕಾಗದ ಅವನದು.

ಅವನಿಗೆ ದಾರಿ ಹತ್ತಿರವಾಗಲು ಬಹಳ ವರ್ಷ ಬೇಕಾಯಿತು. ಸಿವಿಲ್ ಕೋರ್ಟಿನ ಅಲೆದಾಟ ತಪ್ಪಿಸಿ ಪ್ರತ್ಯೇಕ ಟ್ರಿಬ್ಯೂನಲ್ ಕೊಟ್ಟದ್ದು 1956ರ ತಿದ್ದುಪಡಿ. ತಪ್ಪು ಯಾರದೇ ಇರಲಿ, ಸತ್ತರೆ 15,000 ರೂಪಾಯಿ ಕೊಡಲೇಬೇಕು ಎಂದದ್ದು 1982ರ ತಿದ್ದುಪಡಿ. ನಾನು ನೋಡಿದ ಕಾನೂನುಗಳಲ್ಲಿ ಇಷ್ಟು ಮನುಷ್ಯತ್ವದ ಸಾಲು ಕಡಿಮೆ. ಈಗಿನ 1988ರ ಕಾಯ್ದೆಯಲ್ಲಿ ಮೂರನೆಯವರ ಸಾವಿಗೆ ಕಂಪನಿ ಕೊಡಬೇಕಾದ ಪರಿಹಾರಕ್ಕೆ ಮೇಲ್ಮಿತಿಯೇ ಇಲ್ಲ. ಅಂಥ ಹೊಣೆಯ ದರವನ್ನು ಕಂಪನಿಗಳ ಇಷ್ಟಕ್ಕೆ ಬಿಡದೆ ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್‌ನಲ್ಲಿ ಜಾರಿಯಾದ ಪಟ್ಟಿಯಂತೆ 1,000 ಸಿಸಿವರೆಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1,500 ದಾಟಿದರೆ 7,897. ಇದರ ಮೇಲೆ ತೆರಿಗೆ. ಕಾರಿನ ಬೆಲೆ ಎಷ್ಟೇ ಇರಲಿ, ಈ ಲೆಕ್ಕ ಬದಲಾಗದು. ಗಾಡಿಯ ಬೆಲೆ ನೋಡಿ ಏರಿಳಿಯುವುದು ಸ್ವಂತ ಹಾನಿಯ ಪ್ರೀಮಿಯಂ, ಅದು ಕಡ್ಡಾಯವಲ್ಲ.

ಕವರ್ ನೋಟಿನಲ್ಲಿ ಸಮಯದ ಕಾಲಂ ಒಂದಿತ್ತು. ಬಹಳ ಏಜೆಂಟರು ಅದನ್ನು ಖಾಲಿ ಬಿಡುತ್ತಿದ್ದರು. ಪಾಲಿಸಿ ಕೊಂಡ ದಿನವೇ ಅಪಘಾತವಾದರೆ ಹಿಂದಿನ ಮಧ್ಯರಾತ್ರಿಯಿಂದಲೇ ರಕ್ಷಣೆ ಎಂದು 1990ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗಂಟೆ ನಮೂದಿಸಿದ್ದರೆ ಆ ಗಂಟೆಯಿಂದ ಮಾತ್ರ ಎಂದು ಆಮೇಲೆ ಇನ್ನೊಂದು ತೀರ್ಪು ಬಂತು. ಹನ್ನೊಂದಕ್ಕೆ ಗಾಡಿಗೆ ಸಿಕ್ಕವನು, ಹನ್ನೆರಡಕ್ಕೆ ಬರೆದ ಕವರ್ ನೋಟಿನ ಹೊರಗೆ ಉಳಿದ. ಅಲ್ಲಿಂದ ಮುಂದೆ ಗೋಡೆ ಗಡಿಯಾರ ನೋಡದೆ ನಾನು ಪೆನ್ನು ಎತ್ತಲಿಲ್ಲ.

ನನ್ನನ್ನು ಇಂದಿಗೂ ಕಾಡುವುದು ಬೇರೆ. ಪರಿಚಯದ ಹುಡುಗನೊಬ್ಬ ಬೈಕಿಗೆ ನನ್ನ ಹತ್ತಿರ ಆಕ್ಟ್ ಪಾಲಿಸಿ ಮಾಡಿಸಿದ್ದ. ತಾಯಿಯನ್ನು ಹಿಂದೆ ಕೂರಿಸಿಕೊಂಡು ಸಂತೆಗೆ ಹೊರಟಾಗ ಹಂಪ್ ಹಾರಿ ಆಕೆ ಬಿದ್ದರು, ಉಳಿಯಲಿಲ್ಲ. ಆಕ್ಟ್ ಪಾಲಿಸಿಯಲ್ಲಿ ಹಿಂದಿನ ಸವಾರರಿಗೆ ರಕ್ಷಣೆಯಿಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿ ಆಗಿತ್ತು. ಪರಿಹಾರದ ಕೇಸಿನಲ್ಲಿ ತಂದೆ ಅರ್ಜಿದಾರ, ಮಗ ಎದುರುದಾರ. ಕಂಪನಿಯ ಮೇಲಿನ ಅರ್ಜಿ ವಜಾ. ಕೋರ್ಟಿನ ಜಗಲಿಯಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದರು. ತಂದೆ ನನ್ನನ್ನು ನೋಡಿ, "ಇನ್ನೆಷ್ಟು ಕಟ್ಟಿದ್ರೆ ಅವಳಿಗೂ ಆಗ್ತಿತ್ತು?" ಎಂದು ಕೇಳಿದರು. ಹಿಂದಿನ ಸವಾರರನ್ನೂ ಒಳಗೊಳ್ಳುವ ಪ್ಯಾಕೇಜ್ ಪಾಲಿಸಿಗೆ ಆಗ ಬೇಕಿದ್ದದ್ದು ಇನ್ನು ಕೆಲವು ನೂರು ರೂಪಾಯಿ. ಹೇಳಿದೆ. ಅವರು ತಲೆ ತಗ್ಗಿಸಿದರು.

ಈಗ ಕಾರ್ಬನ್ ಇಲ್ಲ, ಮೊಬೈಲಿನಲ್ಲೇ ಪಾಲಿಸಿ. ನನ್ನ ಅಂಗಡಿಯಲ್ಲಿ ನನ್ನ ಮಗ ಕೂರುತ್ತಾನೆ. ಬೈಕಿನವರು ಬಂದರೆ ಗಾಡಿ ನಂಬರಿಗಿಂತ ಮೊದಲು ಹಿಂದೆ ಯಾರು ಕೂರುತ್ತಾರೆಂದು ಕೇಳು ಅಂತ ಅವನಿಗೆ ಹೇಳಿದ್ದೇನೆ.