ಪೈಕಾರದಿಂದ ಪಂಪ್‌ಸೆಟ್‌ವರೆಗೆ: ತಮಿಳುನಾಡಿನ ವಿದ್ಯುತ್ ಬಳಕೆಯ ಚರಿತ್ರೆ

ರಾಜ್ಯವೊಂದರ ವಿದ್ಯುತ್ ಬಳಕೆಯನ್ನು ಕೈಗಾರಿಕೆ, ಕೃಷಿ, ವಾಣಿಜ್ಯ, ಗೃಹಬಳಕೆ ಎಂದು ವಿಂಗಡಿಸುವ ಕೋಷ್ಟಕ ಮೇಲುನೋಟಕ್ಕೆ ಬರಿಯ ಲೆಕ್ಕವಾಗಿ ಕಾಣುತ್ತದೆ. ಆದರೆ ಪ್ರತಿಯೊಂದು ವಿಭಾಗದ ಪಾಲನ್ನು ರೂಪಿಸಿರುವುದು ಆಯಾ ಕಾಲದ ಆಡಳಿತ ನಿರ್ಧಾರಗಳು. ತಮಿಳುನಾಡಿನ ಮಟ್ಟಿಗೆ ಈ ಚರಿತ್ರೆಯ ಮುಖ್ಯ ಘಟ್ಟಗಳನ್ನು ಕನ್ನಡದ ನಂಟುಳ್ಳ ನೀಲಗಿರಿ, ಹೊಸೂರು, ತಾಳವಾಡಿ ಪ್ರದೇಶಗಳಲ್ಲಿಯೇ ಗುರುತಿಸಬಹುದು.

ಮದರಾಸು ಸರ್ಕಾರದ ಮೊದಲ ದೊಡ್ಡ ಜಲವಿದ್ಯುತ್ ಯೋಜನೆ ನೀಲಗಿರಿಯ ಪೈಕಾರದಲ್ಲಿ 1932ರಲ್ಲಿ ಕಾರ್ಯಾರಂಭ ಮಾಡಿತು. ಬಡಗರು, ತೋಡರು ನೆಲೆಸಿದ ಬೆಟ್ಟದಲ್ಲಿ ಹುಟ್ಟಿದ ವಿದ್ಯುತ್ತು ಬಯಲಿನ ಕೊಯಮತ್ತೂರಿಗೆ ಇಳಿಯಿತು. ಕಲ್ಲಿದ್ದಲ ಗಣಿಗಳಿಂದ ಬಹುದೂರವಿದ್ದ ಆ ಊರಿನಲ್ಲಿ ಹತ್ತಿಯ ಗಿರಣಿಗಳು ಹೆಚ್ಚಲು ಇದೇ ಒಂದು ಮುಖ್ಯ ಕಾರಣವಾಯಿತು. 1937ರಲ್ಲಿ ಮೆಟ್ಟೂರಿನ ವಿದ್ಯುತ್ತೂ ಬಂದು ಸೇರಿತು. ಕೆನಡಾದ ನೆರವಿನಿಂದ ಕುಂದಾ ಯೋಜನೆ ಆರಂಭವಾದಾಗ ನೀಲಗಿರಿಯ ಉತ್ಪಾದನೆ ಮತ್ತಷ್ಟು ಬೆಳೆಯಿತು.

1957ರಲ್ಲಿ ವಿದ್ಯುತ್ ಮಂಡಳಿ ಸ್ಥಾಪನೆಯಾದ ನಂತರ ತಂತಿಗಳು ಹಳ್ಳಿಗಳತ್ತ ಹರಿದವು. ಬಾವಿಗಳಿಗೆ ಪಂಪ್‌ಸೆಟ್‌ಗಳು ಬಂದವು. 1984ರಲ್ಲಿ ಸಣ್ಣ ರೈತರಿಗೆ, 1990ರ ಸುಮಾರಿಗೆ ಎಲ್ಲ ರೈತರಿಗೆ ವಿದ್ಯುತ್ತು ಉಚಿತವಾಯಿತು. ಮೀಟರಿಲ್ಲದ ಪಂಪ್‌ಸೆಟ್‌ಗಳು ಎಷ್ಟು ಬಳಸುತ್ತವೆ ಎಂಬುದನ್ನು ಅಂದಿನಿಂದ ಮೋಟಾರಿನ ಅಶ್ವಶಕ್ತಿ ಹಾಗೂ ಮಾದರಿ ಸಮೀಕ್ಷೆಗಳ ಆಧಾರದ ಮೇಲೆ ಅಂದಾಜಿಸಬೇಕಾಗಿದೆ. ಅಂದಾಜು ಹೆಚ್ಚಾದರೆ ಸಾಗಣೆಯ ಮತ್ತು ಕಳವಿನ ನಷ್ಟವೂ ಕೃಷಿಯ ಪಾಲಿಗೆ ಸೇರುತ್ತದೆ. ಕಡಿಮೆಯಾದರೆ ರೈತರು ಬಳಸಿದ್ದೇ ನಷ್ಟವೆನಿಸುತ್ತದೆ. ತಾಳವಾಡಿಯ ಕನ್ನಡಿಗ ರೈತರು ಎತ್ತಿದ ನೀರು ಲೆಕ್ಕಕ್ಕೆ ಬರುವುದೂ ಹೀಗೆಯೇ.

ಹೊಸೂರಿನ ಪರಿಸ್ಥಿತಿ ಇದಕ್ಕೆ ವಿರುದ್ಧವಾದುದು. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶವಾಗಿ ಬೆಳೆಯತೊಡಗಿದ ಇಲ್ಲಿ ಹೈಟೆನ್ಷನ್ ಸಂಪರ್ಕದ ಪ್ರತಿ ಯೂನಿಟ್ಟಿಗೂ ಮೀಟರಿನ ಲೆಕ್ಕವಿದೆ. ಕೈಗಾರಿಕೆಗೆ ಹೆಚ್ಚಿನ ದರ ವಿಧಿಸಿ ಉಳಿದವರ ಹೊರೆಯನ್ನು ತಗ್ಗಿಸುವುದು ಭಾರತದ ವಿದ್ಯುತ್ ದರನೀತಿಯ ಹಳೆಯ ಪದ್ಧತಿ. ಆದುದರಿಂದ ಒಂದು ಪಾಲು ಅಳೆದದ್ದು, ಇನ್ನೊಂದು ಊಹಿಸಿದ್ದು. ಇವೆರಡನ್ನು ಅಕ್ಕಪಕ್ಕ ಇಟ್ಟು ಹೋಲಿಸುವಾಗ ಈ ಅಂತರವನ್ನು ಮರೆಯಲಾಗದು.

ಕೋಷ್ಟಕದ ಹೊರಗೇ ಉಳಿಯುವ ಶಕ್ತಿಯೂ ಉಂಟು. ನೀಲಗಿರಿಯ ಅನೇಕ ಬಡಗ ಕುಟುಂಬಗಳು ಸಣ್ಣ ಚಹಾ ಬೆಳೆಗಾರರು. ಅವರ ಎಲೆ ಸೇರುವ ಕಾರ್ಖಾನೆಗಳಲ್ಲಿ ಯಂತ್ರಗಳನ್ನು ತಿರುಗಿಸುವುದು ವಿದ್ಯುತ್ತು. ಎಲೆ ಒಣಗಿಸುವ ಕಾವು ಬಹುಮಟ್ಟಿಗೆ ಸೌದೆಯದು. ವಿದ್ಯುತ್ತಿನ ಅಂಕಿಗಳನ್ನಷ್ಟೇ ನೋಡಿದರೆ ಚಹಾ ಉದ್ಯಮದ ಶಕ್ತಿಬಳಕೆ ಇರುವುದಕ್ಕಿಂತ ಬಹಳ ಕಡಿಮೆಯಾಗಿ ತೋರುತ್ತದೆ.

ದರ, ಸಹಾಯಧನ, ಪೂರೈಕೆಯ ಗಂಟೆ ಇವೆಲ್ಲ ನಿರ್ಧಾರವಾಗುವುದು ಇಂತಹ ಅಂಕಿಗಳ ಮೇಲೆಯೇ. ಗಡಿನಾಡಿನ ಸಮುದಾಯಗಳ ಆರ್ಥಿಕ ಚರಿತ್ರೆಯನ್ನು ಬರೆಯುವವರು ಯಾವ ವಲಯ ಎಷ್ಟು ಬಳಸಿತು ಎಂಬುದರೊಂದಿಗೆ, ಆ ಬಳಕೆಯನ್ನು ಅಳೆದದ್ದು ಹೇಗೆ ಎಂಬುದನ್ನೂ ದಾಖಲಿಸಬೇಕಾಗಿದೆ.